ಹೆಸರಿನ ಪದಕಕ್ಕೆ ಚಿನ್ನದ ಲೇಪ: ಅಂಗಡಿಯಲ್ಲಿ ಏನು ಕೇಳಬೇಕು?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಅವಳ ಹೆಸರನ್ನು ಕನ್ನಡದಲ್ಲೇ ಬರೆಸಿದ ಪದಕ ಮಾಡಿಸಬೇಕೆಂದಿದ್ದೇನೆ. ಈಗಿನ ದರದಲ್ಲಿ ಅಪ್ಪಟ ಚಿನ್ನ ಕೈಗೆಟುಕುವುದಿಲ್ಲ. ಚಿನ್ನದ ಲೇಪದ್ದು ಐನೂರಕ್ಕೂ ಇದೆ, ಐದು ಸಾವಿರಕ್ಕೂ ಇದೆ. ‘ಒಂದು ಗ್ರಾಂ ಚಿನ್ನ’ ಅಂತಲೂ ಮಾರುತ್ತಾರೆ. ಇವುಗಳಲ್ಲಿ ವ್ಯತ್ಯಾಸವೇನು? ದಿನಾ ಹಾಕಿಕೊಂಡರೆ ಬಾಳಿಕೆ ಬರುತ್ತದೆಯೇ? ಮನೆಯ ಒಡವೆಗಳ ಹಾಗೆ ಅಂಟುವಾಳದ ನೀರಲ್ಲಿ ತೊಳೆಯಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೆಲೆಯ ಈ ಅಂತರಕ್ಕೆ ಮುಖ್ಯ ಕಾರಣ ಎರಡು. ಲೇಪ ಎಷ್ಟು ದಪ್ಪ ಮತ್ತು ಲೇಪದ ಕೆಳಗಿರುವ ಲೋಹ ಯಾವುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಹೇಳುವುದು ‘22 ಕ್ಯಾರೆಟ್ ಲೇಪ’ ಎಂಬ ಮಾತು. ಅದರಿಂದ ತಿಳಿಯುವುದು ಚಿನ್ನದ ಶುದ್ಧತೆ, ಬಣ್ಣ ಅಷ್ಟೆ, ಪ್ರಮಾಣ ತಿಳಿಯುವುದಿಲ್ಲ. ‘ಎಷ್ಟು ಮೈಕ್ರಾನ್?’ ಎಂದು ಕೇಳಿ.

ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಒಂದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಅಗ್ಗದ ಒಡವೆಗಳಲ್ಲಿ ಲೇಪ 0.1 ಮೈಕ್ರಾನ್ ಆಸುಪಾಸು, ಒಳ್ಳೆಯದರಲ್ಲಿ 2.5 ಮೈಕ್ರಾನ್. ನಿಮ್ಮ ಮಗಳ ಪದಕದ ಎರಡೂ ಬದಿ, ಅಂಚುಗಳೆಲ್ಲ ಸೇರಿ ಮೇಲ್ಮೈ 5 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಆ ಲೆಕ್ಕದಲ್ಲಿ ತೆಳು ಲೇಪಕ್ಕೆ ಹಿಡಿಯುವ ಚಿನ್ನ ಸುಮಾರು 1 ಮಿಲಿಗ್ರಾಂ, ದಪ್ಪ ಲೇಪಕ್ಕೆ 24 ಮಿಲಿಗ್ರಾಂ. ‘ಒಂದು ಗ್ರಾಂ ಚಿನ್ನ’ ವ್ಯಾಪಾರದ ಹೆಸರು ಮಾತ್ರ. ನಿಜಕ್ಕೂ ಒಂದು ಗ್ರಾಂ ಚಿನ್ನವಿದ್ದರೆ, ಒಂದು ಮೈಕ್ರಾನ್ ದಪ್ಪದಲ್ಲಿ 500 ಚದರ ಸೆಂಟಿಮೀಟರಿಗೂ ಹೆಚ್ಚು ಜಾಗಕ್ಕೆ ಹಚ್ಚಬಹುದು. ಆದ್ದರಿಂದ ಮುಂದೆ ಮಾರಿದರೆ, ಒತ್ತೆಯಿಟ್ಟರೆ ದುಡ್ಡು ಬಂದೀತೆಂಬ ಎಣಿಕೆ ಬೇಡ. 916 ಹಾಲ್‌ಮಾರ್ಕ್ ಲೇಪದ ಒಡವೆಗೆ ಸಿಗುವಂಥದ್ದೇ ಅಲ್ಲ. ಲೇಪದ ಪದಕದ ಮೇಲೆ ಆ ಮುದ್ರೆ ತೋರಿಸಿ ಮಾರುವವರಿದ್ದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಇನ್ನು ಕೆಳಗಿನ ಲೋಹ. ಆಂಧ್ರದ ಮಚಲೀಪಟ್ಟಣದ ಕಡೆಯಿಂದ ಬರುವ ರೋಲ್ಡ್ ಗೋಲ್ಡ್ ಸರಗಳೂ ಸೇರಿದಂತೆ ಹೆಚ್ಚಿನ ಲೇಪದ ಒಡವೆಗಳ ಒಳಗಿರುವುದು ತಾಮ್ರ ಅಥವಾ ಹಿತ್ತಾಳೆ. ತೆಳು ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬೆವರು ಅಲ್ಲಿಂದ ಇಳಿದು ತಾಮ್ರವನ್ನು ಮುಟ್ಟುತ್ತದೆ, ಕುತ್ತಿಗೆಯ ಮೇಲೆ ಹಸಿರು ಕಲೆ ಮೂಡುತ್ತದೆ. ತಾಮ್ರ ಮೇಲೇರದಂತೆ ನಡುವೆ ನಿಕ್ಕಲ್ ಪದರ ಹಾಕುವುದುಂಟು. ಕೆಲವರ ಚರ್ಮಕ್ಕೆ ನಿಕ್ಕಲ್ ಆಗುವುದಿಲ್ಲ. ಕೆರೆತ, ಗುಳ್ಳೆ ಏಳುತ್ತದೆ. ಮಗಳಿಗೆ ಅಗ್ಗದ ಓಲೆಯಿಂದ ಕಿವಿ ಕೆರೆದದ್ದುಂಟಾದರೆ ನಿಕ್ಕಲ್ ಇಲ್ಲದ್ದೇ ಬೇಕೆಂದು ಹೇಳಿ. ಸ್ಟೀಲ್ ಗಟ್ಟಿ, ಬೆಲೆಯೂ ಕಡಿಮೆ. ಆದರೆ ಸ್ಟೀಲಿನ ಮೇಲಿನ ಚಿನ್ನದ ಬಣ್ಣ ಎಷ್ಟೋ ಸಲ ಟೈಟಾನಿಯಂ ನೈಟ್ರೈಡ್‌ನದು, ಅದರಲ್ಲಿ ಚಿನ್ನವೇ ಇರುವುದಿಲ್ಲ. 925 ಬೆಳ್ಳಿಯ ಮೇಲೆ ಚಿನ್ನದ ಲೇಪ ಹಾಕಿದ್ದಕ್ಕೆ ‘ವರ್ಮೇಲ್’ ಎನ್ನುತ್ತಾರೆ. ಅಮೆರಿಕದ ನಿಯಮದಂತೆ ಆ ಹೆಸರಿಡಲು ಲೇಪ ಕನಿಷ್ಠ 2.5 ಮೈಕ್ರಾನ್ ಇರಬೇಕು. ನಮ್ಮಲ್ಲಿ ಆ ಹೆಸರನ್ನೇ ನಂಬಿ ಕೊಳ್ಳಬೇಡಿ. ಲೋಹವನ್ನೂ ಮೈಕ್ರಾನನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹೆಸರಿನ ವಿಷಯಕ್ಕೆ ಬಂದರೆ, ಕನ್ನಡ ಅಕ್ಷರದ ಪದಕಕ್ಕೆ ವಿಶೇಷ ಜಾಗ್ರತೆ ಬೇಕು. ದೇವನಾಗರಿಯ ಶಿರೋರೇಖೆ ಪದದ ಅಕ್ಷರಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ನಮ್ಮ ಅಕ್ಷರಗಳು ಬಿಡಿಬಿಡಿ. ಒತ್ತಕ್ಷರ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ‘ಐಶ್ವರ್ಯ’ ಎಂಬ ಹೆಸರನ್ನೇ ನೋಡಿ: ಶಕಾರದ ಕೆಳಗೆ ವಕಾರದ ಒತ್ತು, ಕೊನೆಗೆ ಅರ್ಕಾವತ್ತು. ತಗಡಿನಲ್ಲಿ ಕತ್ತರಿಸುವಾಗ ಇವೆಲ್ಲ ಒಂದಕ್ಕೊಂದು ಕೂಡಿರಲೇಬೇಕು. ಕೂಡಿಸಿದ ಜಾಗ ಕೂದಲೆಳೆಯಷ್ಟಿದ್ದರೆ ಬಟ್ಟೆಗೆ ಸಿಕ್ಕಿ ಮುರಿಯುತ್ತದೆ. ಅಕ್ಷರಗಳ ಕೆಳಗೆ ಒಂದು ಪಟ್ಟಿ ಅಥವಾ ಸುತ್ತ ಚೌಕಟ್ಟು ಕೊಡಿಸಿ. ಇಲ್ಲವೇ ದುಂಡು ಬಿಲ್ಲೆಯ ಮೇಲೆ ಕೆತ್ತಿಸಿ; ಒತ್ತಕ್ಷರಗಳಿರುವ ಹೆಸರಿಗೆ ನನ್ನ ಒಲವು ಬಿಲ್ಲೆಯ ಕಡೆಗೇ. ಕೆಲವು ಯಂತ್ರಗಳ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ, ಒತ್ತಕ್ಷರವನ್ನು ಒಡೆದು ಪಕ್ಕದಲ್ಲಿ ಕೂರಿಸಿಬಿಡುತ್ತದೆ. ಹಾಗಾಗಿ ಹೆಸರನ್ನು ಬರೀ ಸಂದೇಶದಲ್ಲಿ ಟೈಪ್ ಮಾಡಿ ಕಳಿಸಬೇಡಿ, ಚಿತ್ರವಾಗಿ ಕೊಡಿ. ಕತ್ತರಿಸುವ ಮುಂಚೆ ಕರಡು ತರಿಸಿಕೊಂಡು ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಡಿ. ಹೆಸರು ಹಾಕಿದ ಒಡವೆಯನ್ನು ಸಾಮಾನ್ಯವಾಗಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೆತ್ತನೆ, ಬೆಸುಗೆ, ಕೊಂಡಿ ಕೂರಿಸುವ ಕೆಲಸವೆಲ್ಲ ಲೇಪಕ್ಕೆ ಮೊದಲೇ ಮುಗಿದಿರಬೇಕು. ಸಿದ್ಧ ಪದಕ ತೋರಿಸಿ ‘ಹತ್ತು ನಿಮಿಷದಲ್ಲಿ ಹೆಸರು ಕೆತ್ತಿಕೊಡುತ್ತೇವೆ’ ಎಂದರೆ ಒಪ್ಪಬೇಡಿ. ಕೆತ್ತುವಾಗ ಲೇಪ ಕಿತ್ತು ಕೆಳಗಿನ ಲೋಹ ಬಯಲಾಗುತ್ತದೆ, ಮೊದಲು ಕಪ್ಪಾಗುವುದು ನಿಮ್ಮ ಮಗಳ ಹೆಸರೇ.

ಅಂಟುವಾಳದ ನೀರು, ಬ್ರಷ್ಷು ಅಪ್ಪಟ ಚಿನ್ನಕ್ಕೆ ಒಪ್ಪುತ್ತವೆ. ಅಲ್ಲಿ ಮೇಲಿನಿಂದ ಒಳಗಿನವರೆಗೂ ಒಂದೇ ಲೋಹ, ಉಜ್ಜಿದರೂ ಸವೆತ ಕಾಣುವುದಿಲ್ಲ. ಲೇಪದ ಒಡವೆಯಲ್ಲಿ ಉಜ್ಜಿದಷ್ಟೂ ಚಿನ್ನ ಹೋಗುತ್ತದೆ. ಟೂತ್‌ಪೇಸ್ಟ್, ಸೋಡಾ ಪುಡಿ, ಹುಣಸೆಹಣ್ಣು, ನಿಂಬೆರಸ ಒಂದೂ ಬೇಡ. ಬಿಚ್ಚಿದ ಕೂಡಲೇ ಮೆತ್ತನೆಯ ಒಣ ಹತ್ತಿಬಟ್ಟೆಯಲ್ಲಿ ಒತ್ತಿ ಬೆವರು ತೆಗೆಯಿರಿ. ಬಹುತೇಕ ದಿನ ಅಷ್ಟೇ ಸಾಕು. ಜಿಡ್ಡಾಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಮೃದು ಸೋಪು ಹಾಕಿ ಅದ್ದಿ ತೆಗೆದು, ಒಳ್ಳೆಯ ನೀರಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ. ಸೆಂಟು, ಪೌಡರು, ಕ್ರೀಮು ಹಚ್ಚಿಕೊಂಡು ಅವು ಆರಿದ ಮೇಲೆ ಪದಕ ಹಾಕಿಕೊಳ್ಳಲಿ. ಸ್ನಾನಕ್ಕೆ, ಈಜುಕೊಳಕ್ಕೆ, ಮಲಗುವಾಗ ಬಿಚ್ಚಿಡಲಿ. ಕೊಳದ ಕ್ಲೋರಿನ್ ಬಲು ಕೆಟ್ಟದ್ದು. ಗಾಳಿಯಾಡದ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಒಡವೆಗಳಿಗೆ ತಾಗದಂತೆ ಇಡಿ.

ಇಷ್ಟು ಮಾಡಿದರೆ 2.5 ಮೈಕ್ರಾನಿನ ಪದಕ ಕೆಲವು ವರ್ಷ ಹೊಳಪು ಉಳಿಸಿಕೊಳ್ಳುತ್ತದೆ. ತೆಳು ಲೇಪದ್ದು ದಿನಬಳಕೆಯಲ್ಲಿ ತಿಂಗಳುಗಳಲ್ಲೇ ಮಾಸುತ್ತದೆ. ಉಂಗುರ, ಕೈಸರ ಇನ್ನೂ ಬೇಗ ಸವೆಯುತ್ತವೆ. ದಿನಾ ಹಾಕುವುದಕ್ಕೆ ಪದಕ ಆರಿಸಿದ್ದು ಒಳ್ಳೆಯದೇ ಆಯಿತು. ಮಾಸಿದ ಮೇಲೆ ಮತ್ತೆ ಲೇಪ ಹಾಕಿಸಬಹುದು. ಆದರೆ ಅದಕ್ಕೆ ಮೊದಲು ಪಾಲಿಶ್ ಮಾಡುತ್ತಾರೆ, ಆಗ ತೆಳುವಾಗಿ ಕೆತ್ತಿದ ಅಕ್ಷರ ಅಳಿಸುತ್ತಾ ಹೋಗುತ್ತದೆ. ಮೊದಲೇ ಆಳವಾಗಿ ಕೆತ್ತಿಸಿ.

ನಿಮ್ಮ ಊರಿನಲ್ಲೇ ಪರಿಚಯದ ಪತ್ತಾರರಿದ್ದರೆ 925 ಬೆಳ್ಳಿಯಲ್ಲಿ ಬಿಲ್ಲೆ ಮಾಡಿಸಿ, ಹೆಸರು ಆಳವಾಗಿ ಕೆತ್ತಿಸಿ, ಆಮೇಲೆ 2.5 ಮೈಕ್ರಾನ್ ಲೇಪ ಹಾಕಿಸಿ. ಐನೂರು ರೂಪಾಯಿಯ ಹಿತ್ತಾಳೆ ಪದಕ ಹಬ್ಬಕ್ಕೊಮ್ಮೆ ಹಾಕಲು ಸಾಕು, ಮಗಳು ದಿನಾ ಧರಿಸುವುದಕ್ಕೆ ಅದು ತಕ್ಕದ್ದಲ್ಲ.