ಆರಡಿಯ ಹಾಸಿಗೆ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ಹಿರಿಯರು ಹೇಳುತ್ತಾರೆ. ಬರಹಗಾರನಿಗಂತೂ ಇವೆರಡೂ ಅಗತ್ಯವೆಂಬುದು ಸಾಮಾನ್ಯ ನಂಬಿಕೆ. ಆದರೆ ದೇಶ ಸುತ್ತುವುದಿರಲಿ, ಮನೆಯ ಅಂಗಳಕ್ಕೆ ಇಳಿಯುವ ಶಕ್ತಿಯನ್ನೂ ಕಳೆದುಕೊಂಡ ಕವಿಯೊಬ್ಬನು ತಾನು ಮಲಗಿದ್ದ ಹಾಸಿಗೆಯಿಂದಲೇ ತನ್ನ ನಾಡಿನ ಕಾವ್ಯಕ್ಕೆ ಹೊಸ ದಾರಿಯನ್ನು ತೋರಿದನು. ಆತನೇ ಜಪಾನಿನ ಮಸಾಓಕಾ ಶಿಕಿ.

ಶಿಕಿಯು 1867ರಲ್ಲಿ ಶಿಕೋಕು ದ್ವೀಪದ ಮತ್ಸುಯಾಮಾ ಪಟ್ಟಣದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನು 1883ರಲ್ಲಿ ವಿದ್ಯಾಭ್ಯಾಸಕ್ಕಾಗಿ ಟೋಕಿಯೋ ನಗರಕ್ಕೆ ಬಂದನು. ಆಗ ಜಪಾನಿಗೆ ಹೊಸದಾಗಿದ್ದ ಬೇಸ್‌ಬಾಲ್ ಆಟದಲ್ಲಿ ಅವನಿಗೆ ಬಹಳ ಆಸಕ್ತಿ. ಆದರೆ 1889ರಲ್ಲಿ ಅವನು ಕೆಮ್ಮಿದಾಗ ರಕ್ತ ಕಾಣಿಸಿಕೊಂಡಿತು. ಅದು ಕ್ಷಯರೋಗ. ಆ ರೋಗವನ್ನು ಗುಣಪಡಿಸಬಲ್ಲ ಔಷಧ ಆಗ ಎಲ್ಲಿಯೂ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಕೋಗಿಲೆಯ ಜಾತಿಗೆ ಸೇರಿದ ಒಂದು ಹಕ್ಕಿಯು ರಕ್ತ ಕಾರುವವರೆಗೂ ಹಾಡುತ್ತದೆಂಬ ನಂಬಿಕೆ ಆ ನಾಡಿನಲ್ಲಿತ್ತು. ತರುಣ ಕವಿಯು ಆ ಹಕ್ಕಿಯ ಹೆಸರನ್ನೇ ತನ್ನ ಕಾವ್ಯನಾಮವನ್ನಾಗಿ ಮಾಡಿಕೊಂಡನು. ‘ಶಿಕಿ’ ಎಂಬುದು ಅದರ ಹೆಸರುಗಳಲ್ಲಿ ಒಂದು.

1892ರಲ್ಲಿ ಅವನು ‘ನಿಪ್ಪೊನ್’ ಎಂಬ ಪತ್ರಿಕೆಯನ್ನು ಸೇರಿದನು. 1895ರಲ್ಲಿ ಯುದ್ಧದ ವರದಿಗಾಗಿ ಚೀನಾ ದೇಶಕ್ಕೆ ಹೋಗಿ ಹಿಂದಿರುಗುವಾಗ ಹಡಗಿನಲ್ಲಿಯೇ ರೋಗವು ಉಲ್ಬಣಿಸಿತು. ಮುಂದೆ ಅದು ಬೆನ್ನುಮೂಳೆಗೂ ಹರಡಿ, ನಡೆದಾಡುವುದೇ ಅಸಾಧ್ಯವಾಯಿತು. ಟೋಕಿಯೋದ ನೆಗಿಶಿ ಬಡಾವಣೆಯ ಚಿಕ್ಕ ಮನೆಯಲ್ಲಿ ತಾಯಿ ಯಾಎ ಮತ್ತು ತಂಗಿ ರಿತ್ಸು ಅವನ ಆರೈಕೆಯ ಹೊಣೆಯನ್ನು ಹೊತ್ತರು.

ಆ ಮನೆಯ ಬಾಗಿಲುಗಳಿಗೆ ಮೊದಲು ಕಾಗದವನ್ನು ಅಂಟಿಸಲಾಗಿತ್ತು. ಅವುಗಳನ್ನು ಮುಚ್ಚಿದರೆ ಹೊರಗಿನದು ಏನೂ ಕಾಣದು. ಹಿಮ ಬಿದ್ದರೆ, ಎಷ್ಟು ಬಿದ್ದಿದೆಯೆಂದು ಮನೆಯವರನ್ನು ಕೇಳಿಯೇ ತಿಳಿಯಬೇಕಾಗಿತ್ತು. 1899ರ ಡಿಸೆಂಬರಿನಲ್ಲಿ ಶಿಷ್ಯನಾದ ತಕಹಾಮಾ ಕ್ಯೋಶಿಯು ಗಾಜಿನ ಬಾಗಿಲುಗಳನ್ನು ಹಾಕಿಸಿಕೊಟ್ಟನು. ಅಂದಿನಿಂದ ಪುಟ್ಟ ತೋಟದ ಹೂಗಿಡಗಳು, ಬಂದು ಹೋಗುವ ಹಕ್ಕಿಗಳು, ಚಪ್ಪರದ ಮೇಲಿನ ಹೀರೆಬಳ್ಳಿ, ಇವೆಲ್ಲವೂ ಮಲಗಿದ್ದವನ ಕಣ್ಣಿಗೆ ಬಿದ್ದವು. ಕಂಡುದನ್ನು ಅವನು ಬರೆದನು. ಚಿತ್ರಕಾರ ಮಿತ್ರನಾದ ನಾಕಾಮುರಾ ಫುಸೆತ್ಸು ಕೊಟ್ಟ ಬಣ್ಣಗಳಿಂದ ಹೂವು ಹಣ್ಣುಗಳ ಚಿತ್ರಗಳನ್ನೂ ಬರೆದನು.

ಶಿಕಿಯ ಮುಖ್ಯ ಕಾವ್ಯರೂಪ ಹೈಕು. ಐದು, ಏಳು, ಐದು ಎಂದು ಮೂರು ಭಾಗಗಳಾಗಿ ಒಟ್ಟು 17 ಅಕ್ಷರಗಳಿಗೆ ಮುಗಿಯುವ ಕಿರುಗವನವದು. ಮೊದಲು ಅದು ಹಲವರು ಸೇರಿ ಕಟ್ಟುವ ಸರಪಳಿ ಕವಿತೆಯ ಆರಂಭದ ಪದ್ಯವಾಗಿತ್ತು. ಅದನ್ನು ಸ್ವತಂತ್ರ ಕವಿತೆಯೆಂದು ನಿಲ್ಲಿಸಿ, ‘ಹೈಕು’ ಎಂಬ ಹೆಸರನ್ನು ನೆಲೆಗೊಳಿಸಿದವನು ಶಿಕಿಯೇ. ಹಿಂದಿನವರ ಕಲ್ಪನೆಗಳನ್ನೇ ತಿರುತಿರುಗಿ ಬಳಸುವ ರೂಢಿಯನ್ನು ಅವನು ಖಂಡಿಸಿದನು. ಚಿತ್ರಕಾರನು ಎದುರಿನ ವಸ್ತುವನ್ನು ನೋಡಿ ಬರೆಯುವಂತೆ ಕವಿಯೂ ಕಂಡುದನ್ನು ಕಂಡಂತೆ ಬರೆಯಬೇಕೆಂಬುದು ಅವನ ಮತ. ಇದಕ್ಕೆ ‘ಶಾಸೆಯ್’ ಎಂದು ಹೆಸರು. ಹೀಗೆ ಅವನು ಬರೆದ ಹೈಕುಗಳು 20,000ಕ್ಕೂ ಹೆಚ್ಚು.

ಇದೇ ಪ್ರಾಮಾಣಿಕತೆಯನ್ನು ಅವನ ಗದ್ಯದಲ್ಲಿಯೂ ಕಾಣಬಹುದು. 1901ರ ದಿನಚರಿಯಲ್ಲಿ ಅವನು ಹೊತ್ತುಹೊತ್ತಿಗೆ ತಿಂದ ಗಂಜಿ, ಮೀನು, ಹಾಲು, ಹಣ್ಣುಗಳ ಲೆಕ್ಕವನ್ನು ತಪ್ಪದೆ ಬರೆದಿದ್ದಾನೆ. ಹುಣ್ಣಿನ ಪಟ್ಟಿ ಬದಲಿಸುವಾಗಿನ ನೋವನ್ನಾಗಲಿ, ತಂಗಿಯ ಮೇಲೆ ತಾನು ಸಿಡುಕಿದುದನ್ನಾಗಲಿ ಮುಚ್ಚಿಡಲಿಲ್ಲ. ಅವಳಿಲ್ಲದೆ ಮನೆಯೂ ನಡೆಯದು, ತಾನೂ ಬದುಕಲಾರೆ ಎಂಬುದನ್ನೂ ಅಲ್ಲಿಯೇ ಒಪ್ಪಿಕೊಂಡಿದ್ದಾನೆ.

1902ರ ಮೇ 5ರಂದು ‘ನಿಪ್ಪೊನ್’ ಪತ್ರಿಕೆಯಲ್ಲಿ ಅವನ ಕೊನೆಯ ಲೇಖನಮಾಲೆಯು ಆರಂಭವಾಯಿತು. ಅದರ ಹೆಸರಿನ ಅರ್ಥ ‘ಆರಡಿಯ ರೋಗಶಯ್ಯೆ’. ಚಿತ್ರಕಲೆ, ಹೈಕು, ಊಟ, ರೋಗಿಯ ಆರೈಕೆ, ಹೆಣ್ಣುಮಕ್ಕಳ ಶಿಕ್ಷಣ, ಹೀಗೆ ಅವನು ಎತ್ತಿಕೊಳ್ಳದ ವಿಷಯವಿರಲಿಲ್ಲ. ಬೆರಳುಗಳಿಗೆ ಕುಂಚ ಹಿಡಿಯುವ ಬಲವಿಲ್ಲದಾಗ ಶಿಷ್ಯರಿಗೆ ಹೇಳಿ ಬರೆಸಿದನು. ಅದೇ ತಿಂಗಳಲ್ಲಿ ಒಂದು ದಿನ ಪತ್ರಿಕೆಯಲ್ಲಿ ಅವನ ಲೇಖನ ಬರಲಿಲ್ಲ. ಅದನ್ನು ಕಾಣದೆ ಶಿಕಿಯು ಅತ್ತುಬಿಟ್ಟನು. ಬೆಳಿಗ್ಗೆ ಎದ್ದಾಗಿನ ಅಸಹನೀಯ ನೋವಿನಲ್ಲಿ ಆ ಲೇಖನವನ್ನು ಕಂಡರೆ ಮಾತ್ರ ಜೀವ ಮರಳಿದಂತಾಗುತ್ತದೆಂದೂ, ಅರ್ಧ ಭಾಗವನ್ನಾದರೂ ಅಚ್ಚುಹಾಕಬೇಕೆಂದೂ ಪತ್ರಿಕೆಯವರಿಗೆ ಕಾಗದ ಬರೆದನು. ಓದುಗರಿಗೆ ಅದು ದಿನದ ಒಂದು ಅಂಕಣ. ಬರೆದವನಿಗೆ ಅದು ಉಸಿರು.

ಸಾವಿಗೆ ಹೆದರದಿರುವುದೇ ಜ್ಞಾನವೆಂದು ಅವನು ಹಿಂದೆ ತಿಳಿದಿದ್ದನು. ಯಾವ ಸ್ಥಿತಿಯಲ್ಲಿಯೂ ಎದೆಗುಂದದೆ ಬಾಳುವುದೇ ಜ್ಞಾನವೆಂಬ ನಿಲುವಿಗೆ ಆ ಹಾಸಿಗೆಯಲ್ಲಿ ಬಂದು ಸೇರಿದನು.

ಲೇಖನಮಾಲೆಯ 127ನೆಯ ಕಂತು ಸೆಪ್ಟೆಂಬರ್ 17ರಂದು ಪ್ರಕಟವಾಯಿತು. ಮರುದಿನ ಶಿಕಿಯು ಮಲಗಿದಲ್ಲಿಯೇ, ಹಲಗೆಗೆ ಅಂಟಿಸಿದ ಕಾಗದದ ಮೇಲೆ ತನ್ನ ಕೈಯಿಂದಲೇ ಮೂರು ಹೈಕುಗಳನ್ನು ಬರೆದನು. ಮೂರಕ್ಕೂ ವಸ್ತು ಎದುರಿನ ಹೀರೆಬಳ್ಳಿ. ನಮ್ಮಲ್ಲಿ ತುಪ್ಪದ ಹೀರೆ ಎಂದು ಕರೆಯುವ ಈ ಬಳ್ಳಿಯನ್ನು ಜಪಾನಿನವರು ‘ಹೆಚಿಮಾ’ ಎನ್ನುತ್ತಾರೆ. ಅದರ ಕಾಂಡದಿಂದ ಇಳಿಸಿದ ನೀರು ಕಫವನ್ನು ಕರಗಿಸುವುದೆಂದು ಅಲ್ಲಿನ ಮನೆಮದ್ದಿನ ನಂಬಿಕೆ. ಅಂದೇ ರಾತ್ರಿ ಕಳೆದು, 19ರ ನಸುಕು ಹರಿಯುವ ಮೊದಲೇ ಅವನು ತೀರಿಕೊಂಡನು. ಆಗ ಅವನಿಗೆ 35 ವರ್ಷಗಳು ತುಂಬಿರಲಿಲ್ಲ.

ನೆಗಿಶಿಯ ಆ ಮನೆಯು 1945ರ ವಿಮಾನ ದಾಳಿಯಲ್ಲಿ ಸುಟ್ಟುಹೋಯಿತು. ಅಭಿಮಾನಿಗಳು ಅದನ್ನು ಅದೇ ಸ್ಥಳದಲ್ಲಿ ಮತ್ತೆ ಕಟ್ಟಿದರು. ತೋಟದಲ್ಲಿ ಹೀರೆಬಳ್ಳಿಯ ಚಪ್ಪರವನ್ನೂ ಉಳಿಸಿಕೊಂಡು ಬಂದಿದ್ದಾರೆ. ಸೆಪ್ಟೆಂಬರ್ 19ನ್ನು ಜಪಾನಿನ ಕಾವ್ಯಪ್ರಿಯರು ಹೀರೆಬಳ್ಳಿಯ ಹೆಸರಿನಿಂದಲೇ ಸ್ಮರಿಸುತ್ತಾರೆ. ನಮ್ಮ ಹಿತ್ತಿಲಲ್ಲಿಯೂ ಬೆಳೆಯುವ ಒಂದು ಸಾಮಾನ್ಯ ಬಳ್ಳಿ, ಅದನ್ನು ಗಮನವಿಟ್ಟು ನೋಡಿದ ಒಬ್ಬ ಕವಿಯಿಂದಾಗಿ ಒಂದು ನಾಡಿನ ಸಾಹಿತ್ಯದಲ್ಲಿ ಹೀಗೆ ಉಳಿದುಕೊಂಡಿತು.