ಪ್ಲೇಗಿನ ಭಯ

ಒಂದು ದೇಶದ ಜನ ಯಾವುದಕ್ಕೆ ಹೆದರಿದರೆಂಬುದೂ ಆ ದೇಶದ ಚರಿತ್ರೆಯೇ. ನಾವಿಲ್ಲಿ ಪ್ಲೇಗಿನ ಭಯವನ್ನಷ್ಟೇ ನೋಡೋಣ.

1896ರಲ್ಲಿ ಪ್ಲೇಗು ಮುಂಬಯಿಗೆ ಬಂತು. ಮರುವರ್ಷ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. ಪುಣೆಯಲ್ಲಿ ಗೋರಾ ಸಿಪಾಯಿಗಳು ಅಡಿಗೆಮನೆ, ದೇವರಮನೆಗಳನ್ನೂ ಬಿಡದೆ ಶೋಧಿಸಿದರು. ರೋಗಿಯನ್ನು ಆಸ್ಪತ್ರೆಗೆ, ಮನೆಯವರನ್ನು ಕ್ಯಾಂಪಿಗೆ ಒಯ್ದರು. ಜನ ಪ್ಲೇಗಿನ ಗಡ್ಡೆಗಿಂತ ಬಾಗಿಲು ಬಡಿಯುವ ಸದ್ದಿಗೆ ಹೆಚ್ಚು ಹೆದರಿ ರೋಗಿಗಳನ್ನು ಬಚ್ಚಿಟ್ಟರು. ರೋಗಕ್ಕೆ ಅನುಕೂಲವೇ ಆಯಿತು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಸಾಹೇಬನಿಗೆ ಚಾಪೇಕರ ಸಹೋದರರು ಗುಂಡು ಹಾಕಿದರು.

ನಮ್ಮ ಹಳ್ಳಿಗಳ ಹೆದರಿಕೆ ಬೇರೆ ತೆರನಾದದ್ದು. ಇಲಿ ಸತ್ತುಬಿದ್ದರೆ ಸಾಕು, ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ಅದು ವಿವೇಕದ ಭಯವೆಂದೇ ನಮ್ಮ ಅಭಿಪ್ರಾಯ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ವಿಜ್ಞಾನಿ ಸಿಮೊಂ ಕಂಡುಕೊಂಡದ್ದು 1898ರಲ್ಲಿ. ಬೆಂಗಳೂರು, ಕೊಯಮತ್ತೂರುಗಳಲ್ಲಿ ಪ್ಲೇಗಿನ ಮಾರಮ್ಮನಿಗೆ ಗುಡಿಗಳೂ ಎದ್ದವು.

ಈ ಭಯ ಎಷ್ಟು ದಿನ ಬದುಕಿತೆಂದರೆ, 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗೆಂಬ ಸುದ್ದಿ ಹಬ್ಬಿದಾಗ ಔಷಧವಿತ್ತು, ಸತ್ತವರು ನೂರರೊಳಗೆ. ಆದರೂ ಲಕ್ಷಗಟ್ಟಲೆ ಜನ ರೈಲು, ಬಸ್ಸು ಹಿಡಿದು ಊರು ಬಿಟ್ಟರು. ಅವರೊಡನೆ ಖಾಸಗಿ ವೈದ್ಯರೂ ಅನೇಕರು ಹೊರಟಿದ್ದರು.