ಅರಸೀಕೆರೆಯ ನಕ್ಷತ್ರ, ನಾಲ್ಕು ಚೌಕಗಳಲ್ಲಿ

ಮಿನಿ ಪ್ರಾಜೆಕ್ಟಿಗೆ ನಾವು ಹೊಯ್ಸಳ ಗುಡಿಗಳ ತಳವಿನ್ಯಾಸ ತೋರಿಸೋ ಒಂದು ಆ್ಯಪ್ ಆರಿಸಿಕೊಂಡೆವು. ಮೊದಲು ನಕ್ಷೆಗಳನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದ್ದೆವು. ಫೋನಿನಲ್ಲಿ ದೊಡ್ಡದು ಮಾಡಿದ್ದೇ ತಡ, ಅರಸೀಕೆರೆಯ ಈಶ್ವರ ದೇವಸ್ಥಾನ ಅಂಚು ಸುಟ್ಟ ದೋಸೆ ಥರ ಕಂಡಿತು! ಸುಮಾರು 1220ರ ಆ ಗುಡಿಯ ಹೆಚ್ಚುಗಾರಿಕೆಯೇ 16 ಮೂಲೆಯ ನಕ್ಷತ್ರ ವಿನ್ಯಾಸ. ಮೂಲೆಗಳೇ ಕರಗಿಹೋದರೆ ತೋರಿಸೋಕೆ ಉಳಿಯುವುದೇನು?

ಆಗ ಎಸ್‌ವಿಜಿ ಕಡೆ ತಿರುಗಿದೆವು. ಇದರಲ್ಲಿ ಚುಕ್ಕಿಗಳ ಬದಲು ಆಕಾರದ ವಿವರಣೆ ಇರುತ್ತದೆ: ಎಲ್ಲಿಂದ ಎಲ್ಲಿಗೆ ಗೆರೆ, ಎಷ್ಟು ಡಿಗ್ರಿ ತಿರುವು. ಎಷ್ಟು ಹಿಗ್ಗಿಸಿದರೂ ಆ ಅಳತೆಗೆ ಹೊಸದಾಗಿ ಬರೆದುಕೊಳ್ಳುತ್ತದೆ.

ನಕ್ಷತ್ರಕ್ಕೆ 16 ಮೂಲೆ, ಅವುಗಳ ನಡುವೆ 16 ಒಳಬಾಗು, ಒಟ್ಟು 32 ಬಿಂದುಗಳನ್ನು ಲೆಕ್ಕ ಹಾಕಬೇಕು ಅಂತ ಕೂತಿದ್ದೆವು. ಬೇಕಾಗಿಯೇ ಇರಲಿಲ್ಲ. ಒಂದು ಚೌಕ ಬರೆದು, ಅದನ್ನೇ ಕೇಂದ್ರದ ಸುತ್ತ 22.5, 45, 67.5 ಡಿಗ್ರಿ ತಿರುಗಿಸಿ ಮತ್ತೆ ಮೂರು ಸಲ ಇಟ್ಟರೆ ಸಾಕು. ನಾಲ್ಕು ಚೌಕ, 16 ಮೂಲೆ. ಪ್ರತಿ ಮೂಲೆಯೂ ಚೌಕದ್ದೇ ಆದ್ದರಿಂದ ಸರಿಯಾಗಿ 90 ಡಿಗ್ರಿ. ಎಸ್‌ವಿಜಿಯಲ್ಲಿ ಚೌಕವನ್ನು 'ಡೆಫ್ಸ್' ಒಳಗೆ ಒಮ್ಮೆ ಬರೆದು 'ಯೂಸ್' ಮೂಲಕ ಮತ್ತೆ ಮತ್ತೆ ಕರೆಯಬಹುದು. ನಿಜವಾದ ಗುಡಿಯಲ್ಲಿ ಮಂಟಪ ಸೇರುವ ಕಡೆ ನಕ್ಷತ್ರ ತುಂಡಾಗುತ್ತದೆ. ನಮ್ಮದು ವಿನ್ಯಾಸದ ತತ್ವ ತೋರಿಸುವ ಚಿತ್ರ, ಸರ್ವೆ ನಕ್ಷೆ ಅಲ್ಲ.

ಚೌಕಗಳಿಗೆ ಗೆರೆ ಕೊಟ್ಟರೆ ಒಳಗಿನ ಗೆರೆಗಳೂ ಕಾಣಿಸಿ ರಂಗೋಲಿ ಆಗುತ್ತದೆ. ಅದಕ್ಕೆ ಮೊದಲು ನಾಲ್ಕನ್ನೂ ದಪ್ಪ ಗೆರೆಯಲ್ಲಿ ಬರೆದು, ಆಮೇಲೆ ಗೆರೆಯಿಲ್ಲದ, ಬಣ್ಣ ತುಂಬಿದ ನಾಲ್ಕನ್ನು ಮೇಲೆ ಇಡಿ. ಹೊರ ಅಂಚು ಮಾತ್ರ ಉಳಿಯುತ್ತದೆ. ಈ ಉಪಾಯ ಬೇಲೂರಿಗೂ ಒದಗಿತು. 1117ರ ಚೆನ್ನಕೇಶವ ದೇವಾಲಯದ ಜಗತಿ ಗುಡಿಯ ಅಂಚನ್ನೇ ಹಿಂಬಾಲಿಸುತ್ತದೆ. ಅಡಿಯ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದರೆ ಅದೇ ಜಗತಿ!

ಆ್ಯಪ್‌ಗೆ ಇದನ್ನು ಸೇರಿಸಲು ಕ್ಯೂಟ್ ಟೂಲ್‌ಕಿಟ್ ಬಳಸಿದೆವು. ಸಿಮೇಕ್ ಫೈಲಿನಲ್ಲಿ ಎಸ್‌ವಿಜಿ ಮಾಡ್ಯೂಲ್ ಸೇರಿಸಿ, ಕ್ಯೂಎಸ್‌ವಿಜಿರೆಂಡರರ್‌ಗೆ ಫೈಲ್ ಕೊಟ್ಟು, ಪೇಂಟ್‌ಇವೆಂಟ್ ಒಳಗೆ ರೆಂಡರ್ ಕರೆದರೆ ಚಿತ್ರ ಬರುತ್ತದೆ. ಆಸ್ಪೆಕ್ಟ್ ರೇಶಿಯೋ ಉಳಿಸುವ ಆಯ್ಕೆ ಹಾಕಲು ಮರೀಬೇಡಿ, ಇಲ್ಲದಿದ್ದರೆ ಗುಡಿ ಚಪ್ಪಟೆಯಾಗುತ್ತದೆ. ಕ್ಯೂಟ್ ಮುಖ್ಯವಾಗಿ ಎಸ್‌ವಿಜಿ ಟೈನಿ 1.2 ಅನ್ನು ಆಧರಿಸಿದೆ. ಇಂಕ್‌ಸ್ಕೇಪ್‌ನಲ್ಲಿ ಚೆಂದ ಕಂಡ ಕ್ಲಿಪಿಂಗ್‌ನಂಥವು ಇಲ್ಲಿ ಮಾಯವಾಗಬಹುದು. ಸರಳ ಆಕಾರಗಳಲ್ಲೇ ಇರಿ.

ನಮ್ಮನ್ನು ಎರಡು ದಿನ ಸತಾಯಿಸಿದ್ದು ಹಳೇಬೀಡು. ಹೊಯ್ಸಳೇಶ್ವರದ್ದು ಜೋಡಿ ಗುಡಿ: ಹೊಯ್ಸಳೇಶ್ವರ, ಶಾಂತಲೇಶ್ವರ ಎರಡೂ ಅಕ್ಕಪಕ್ಕ, ಪೂರ್ವಕ್ಕೆ ಮುಖ. ಒಂದನ್ನು ಬರೆದು, ಇನ್ನೊಂದನ್ನು 'ಟ್ರಾನ್ಸ್‌ಲೇಟ್' ಇರುವ ಗುಂಪಿನೊಳಗೆ ಇಟ್ಟೆವು. ಚಿತ್ರ ಸರಿಯಾಗೇ ಬಂತು. ಆದರೆ ಬೆರಳಿಟ್ಟರೆ ಹೊಯ್ಸಳೇಶ್ವರದ ಹೆಸರೇ ಬರುತ್ತಿತ್ತು, ಶಾಂತಲೇಶ್ವರ ಮುಟ್ಟಿದರೆ ಏನೂ ಇಲ್ಲ. ಕಾರಣ, ಒಂದು ಭಾಗದ ಚೌಕಟ್ಟು ಕೇಳುವ ಬೌಂಡ್ಸ್‌ಆನ್‌ಎಲಿಮೆಂಟ್ ಹೊರಗಿನ ಗುಂಪಿನ ಸ್ಥಳಾಂತರವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಎರಡು ಗುಡಿಗೂ ಒಂದೇ ಜಾಗ ಹೇಳುತ್ತಿತ್ತು. ಟ್ರಾನ್ಸ್‌ಫಾರ್ಮ್‌ಫಾರ್‌ಎಲಿಮೆಂಟ್ ಕೊಡುವ ಮ್ಯಾಟ್ರಿಕ್ಸ್‌ನಿಂದ ಆ ಚೌಕಟ್ಟನ್ನು ಸರಿಸಿಕೊಳ್ಳಬೇಕು. ಡಾಕ್ಯುಮೆಂಟೇಷನ್‌ನಲ್ಲಿ ಇದು ಸ್ಪಷ್ಟವಾಗೇ ಇದೆ, ಓದದಿದ್ದ ತಪ್ಪು ನಮ್ಮದು.

ಇನ್ನು ಕನ್ನಡ ಹೆಸರುಗಳು. ಅಕ್ಷರಗಳನ್ನೂ ಗೆರೆಗಳಾಗಿ ಪರಿವರ್ತಿಸಿದರೆ ಒತ್ತಕ್ಷರ ಎಲ್ಲೂ ಒಡೆಯಲ್ಲ ನಿಜ. ಆದರೆ 'ಅರಸೀಕೆರೆ'ಯೋ 'ಅರಸಿಕೆರೆ'ಯೋ ಅಂತ ನಮ್ಮಲ್ಲೇ ಜಗಳ ಬಿದ್ದಾಗ, ಒಂದು ದೀರ್ಘ ತೆಗೆಯಲು ಚಿತ್ರವನ್ನೇ ಮತ್ತೆ ಮಾಡಬೇಕಾಯಿತು. ಈಗ ಹೆಸರುಗಳು ಎಸ್‌ವಿಜಿಯ ಹೊರಗಿವೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಜೊತೆಗೇ ಕಟ್ಟಿ, ಚಿತ್ರದ ಮೇಲೆ ಬರೆಸುತ್ತೇವೆ.

2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಅರಸೀಕೆರೆ ಅದರಲ್ಲಿಲ್ಲ. ಜಂಕ್ಷನ್‌ನಲ್ಲಿ ರೈಲು ಇಳಿದು ಬಸ್ ಹಿಡಿದು ಮುಂದೆ ಹೋಗಿಬಿಡುವವರೇ ಹೆಚ್ಚು. ಆ್ಯಪ್ ತೆರೆದಾಗ ಮೊದಲು ಕಾಣುವ ಗುಡಿ ಯಾವುದಿರಬೇಕು ಅನ್ನೋದರಲ್ಲಿ ಮಾತ್ರ ನಮಗೆ ಜಗಳ ಆಗಲಿಲ್ಲ.